ಓದಿಗೆ ದುಡ್ಡು ಕೊಡಿ, ಹೆಸರಿಗೆ ಬೇಡ: ಒಂದು ಡಿಎನ್‌ಎ ಸೀಕ್ವೆನ್ಸಿಂಗ್ ಸೇವೆಯ ವಿಮರ್ಶೆ

ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ವಿಶ್ವೇಶ್ವರಯ್ಯ ನಾಲೆ, ಕನ್ನಂಬಾಡಿ ಹಿನ್ನೀರು ಮತ್ತು ಸುತ್ತಮುತ್ತಲ ಕೆರೆಗಳ ಮೀನುಗಳನ್ನು ಪಟ್ಟಿ ಮಾಡುವ ಕೆಲಸವನ್ನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನೋಡಿ ಗುರುತಿಸಲಾಗದ ಮೀನುಗಳ ಡಿಎನ್‌ಎ ಓದಿಸಲು ಬೆಂಗಳೂರಿನ ಒಂದು ಖಾಸಗಿ ಪ್ರಯೋಗಾಲಯದ ಸೇವೆ ಪಡೆದೆವು. ಡಿಎನ್‌ಎ ಓದುವುದು, ಅಂದರೆ ಸೀಕ್ವೆನ್ಸಿಂಗ್, ಅದರಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳು ಯಾವ ಕ್ರಮದಲ್ಲಿವೆ ಎಂದು ಯಂತ್ರದಿಂದ ತಿಳಿಯುವುದು. ಈ ಬರಹ ಆ ಸೇವೆಯ ಬಗ್ಗೆ. ಪ್ರಯೋಗಾಲಯದ ಹೆಸರು ಬರೆಯುವುದಿಲ್ಲ. ನಾನು ಹೇಳುವ ಒಳಿತು ಕೆಡುಕುಗಳು ಈ ಬಗೆಯ ಸೇವೆಗಳಲ್ಲಿ ಬೇರೆ ಕಡೆಯೂ ಎದುರಾಗುತ್ತವೆ ಎಂದು ಮೈಸೂರಿನ ಸ್ನೇಹಿತರು ಹೇಳಿದ್ದಾರೆ. ಹಾಗಾಗಿ ಯಾರಲ್ಲಿ ಓದಿಸಿದರೂ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಡಿಎನ್‌ಎ ಓದುವ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅದರ ಜೊತೆಗೆ ಹೆಚ್ಚುವರಿ ಹಣ ಪಡೆದು ಕೊಡುವ ‘ಪ್ರಭೇದ ಗುರುತಿನ ವರದಿ’ಗೆ ಒಂದೂವರೆ. ಇವೆರಡೂ ಒಂದೇ ರಶೀದಿಯಲ್ಲಿ ಬರುವುದರಿಂದ ಅನೇಕರು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಮೊದಲು ಸೇವೆಯ ಕ್ರಮ. ಪ್ರಯೋಗಾಲಯದ ಪ್ರತಿನಿಧಿ ವಾರಕ್ಕೊಮ್ಮೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ವಿಭಾಗಗಳಿಗೆ ಬರುತ್ತಾರೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟುಕೊಂಡು ಬರುವ ಆ ಹುಡುಗ ನಮ್ಮಂಥ ಸಣ್ಣ ಕಾಲೇಜಿನವರ ಮಾದರಿ ಕೊಳವೆಗಳನ್ನೂ ಬೇಸರಿಸದೆ ತೆಗೆದುಕೊಳ್ಳುತ್ತಾನೆ. ಮಂಡ್ಯದವರೆಗೆ ಬರುವುದಿಲ್ಲ, ಮೈಸೂರಿಗೆ ನಾವೇ ಹೋಗಿ ಕೊಡಬೇಕು. ಅದು ದೊಡ್ಡ ತೊಂದರೆಯಲ್ಲ. ಕೊರಿಯರ್‌ನಲ್ಲಿ ಕಳಿಸಲು ಹೋದರೆ, ಮಾದರಿ ಕೆಡದಂತೆ ಇಡುವ, ಬೇಗ ಹೊತ್ತಿಕೊಳ್ಳುವ ಎಥನಾಲ್ ಎಂಬ ಮಾತು ಕೇಳಿದ ಕೂಡಲೇ ಪೊಟ್ಟಣವನ್ನು ವಾಪಸು ತಳ್ಳುತ್ತಾರೆ, ಅದಕ್ಕಿಂತ ಬಸ್ಸಿನಲ್ಲಿ ಮೈಸೂರಿಗೆ ಹೋಗಿಬರುವುದೇ ಮೇಲು. ಪೆಟ್ಟಿಗೆ ಮುಚ್ಚುವ ಮೊದಲು ಅವನು ಪ್ರತಿ ಕೊಳವೆಯ ಸಂಖ್ಯೆಯನ್ನು ನಮ್ಮ ಪಟ್ಟಿಯೊಂದಿಗೆ ಗಟ್ಟಿಯಾಗಿ ಓದಿ ತಾಳೆ ನೋಡುತ್ತಾನೆ. “ಮೇಡಂ, ಹನ್ನೊಂದನೆಯದರ ಮುಚ್ಚಳ ಸಡಿಲ ಇದೆ” ಎಂದು ಅವನೇ ತೋರಿಸಿ ಪ್ಯಾರಾಫಿಲ್ಮ್ ಸುತ್ತಿಸಿಕೊಂಡ. ಇಂಥ ಕಾಳಜಿ ದರಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ನಾಲ್ಕೂವರೆ ನಕ್ಷತ್ರದಲ್ಲಿ ಅವನ ಪಾಲು ದೊಡ್ಡದು.

ಮಾದರಿ ತೆಗೆಯುವ ಹೊಣೆ ನಮ್ಮದೇ. ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಯ ನೀರು ನಿಂತಾಗ ತೂಬುಗಳ ಕೆಳಗಿನ ಗುಂಡಿಗಳಲ್ಲಿ ಮೀನು ಉಳಿಯುತ್ತವೆ. ಊರಿನ ಹುಡುಗರು ಅಲ್ಲಿ ಹಿಡಿದದ್ದನ್ನು, ಹಿನ್ನೀರಿನಲ್ಲಿ ತೆಪ್ಪದವರು ಬಲೆಯಿಂದ ಬಿಡಿಸಿದ್ದನ್ನು ದುಡ್ಡು ಕೊಟ್ಟು ಕೊಳ್ಳುತ್ತೇವೆ. ಮೊದಲು ಅಳತೆಯ ಪಟ್ಟಿಯ ಪಕ್ಕದಲ್ಲಿಟ್ಟು ಬದುಕಿರುವಾಗಲೇ ಬಣ್ಣದ ಫೋಟೋ, ಆಮೇಲೆ ಬಲಬದಿಯ ಈಜುರೆಕ್ಕೆಯ ತುದಿಯಿಂದ ಅಕ್ಕಿಕಾಳಿನಷ್ಟು ಚೂರು. ಎಡಬದಿಯನ್ನು ಮುಟ್ಟುವುದಿಲ್ಲ, ಮುಂದೆ ಯಾರಾದರೂ ಆ ಮೀನನ್ನು ಪರೀಕ್ಷಿಸಬೇಕೆಂದರೆ ಒಂದು ಬದಿ ಪೂರ್ತಿಯಾಗಿ ಉಳಿದಿರಬೇಕು. ಚೂರು 95 ಶೇಕಡಾ ಎಥನಾಲ್ ತುಂಬಿದ ಕೊಳವೆಗೆ ಹೋಗುತ್ತದೆ. ಕೊಳವೆಯ ಒಳಗೆ ಸೀಸದಕಡ್ಡಿಯಲ್ಲಿ ಬರೆದ ಸಣ್ಣ ಚೀಟಿ, ಏಕೆಂದರೆ ಹೊರಗಿನ ಮಾರ್ಕರ್ ಶಾಯಿ ಎಥನಾಲ್ ಸೋಕಿದರೆ ಅಳಿಸಿಹೋಗುತ್ತದೆ. ಮೀನು ಅದೇ ಸಂಖ್ಯೆಯಲ್ಲಿ ಜಾಡಿ ಸೇರುತ್ತದೆ. ಇದನ್ನು ವೌಚರ್ ಮಾದರಿ ಎನ್ನುತ್ತಾರೆ. ಈ ಜಾಡಿಯ ಮೀನು ಇಲ್ಲದಿದ್ದರೆ ಮುಂದೆ ನಾನು ಹೇಳುವ ಮಾತನ್ನು ಹೇಳಲು ನನಗೆ ಆಧಾರವೇ ಇರುತ್ತಿರಲಿಲ್ಲ.

ನಮ್ಮ ಕಾಲೇಜಿನ ಮ್ಯೂಸಿಯಂನಲ್ಲಿ ಹಿಂದಿನ ಮೇಷ್ಟ್ರುಗಳು ಫಾರ್ಮಲಿನ್‌ನಲ್ಲಿ ಕೂಡಿಟ್ಟ ಮೀನುಗಳ ಹಳೆಯ ಜಾಡಿಗಳಿವೆ. ಅವುಗಳಿಂದಲೂ ಡಿಎನ್‌ಎ ತೆಗೆಸಬಹುದೇ ಎಂದು ಕೇಳಿದಾಗ ಪ್ರಯೋಗಾಲಯದವರು ಹಣ ಪಡೆಯುವ ಮೊದಲೇ ಬೇಡ ಎಂದರು. ಫಾರ್ಮಲಿನ್ ಡಿಎನ್‌ಎ ಮತ್ತು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು, ಎಳೆಯನ್ನು ತುಂಡರಿಸಿಬಿಡುತ್ತದೆ. ಆರುನೂರು ಅಕ್ಷರದ ಉದ್ದ ಸಿಗುವುದು ದುರ್ಲಭ ಎಂದು ಫೋನಿನಲ್ಲಿ ಬಿಡಿಸಿ ಹೇಳಿದರು. ಬರುವ ಗಿರಾಕಿಗೆ ನಿಜ ಹೇಳಿ ವಾಪಸು ಕಳಿಸುವವರ ಮೇಲೆ ನನಗೆ ಗೌರವ ಬರುತ್ತದೆ.

ಓದುವುದು ಯಾವ ಭಾಗವನ್ನು? ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿರುವ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಈ ತುಣುಕನ್ನೇ ಪ್ರಭೇದ ಗುರುತಿಸುವ ಪ್ರಾಣಿಗಳ ಬಾರ್‌ಕೋಡ್ ಮಾಡೋಣ ಎಂದು ಮುಂದಿಟ್ಟರು. ಮೀನುಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ ಎಂಬುದನ್ನು 2005ರಲ್ಲಿ ಆಸ್ಟ್ರೇಲಿಯಾದ 207 ಪ್ರಭೇದಗಳ ಮೇಲೆ ತೋರಿಸಿದರು. ಆ ತಂಡ ರೂಪಿಸಿದ ಪ್ರೈಮರುಗಳನ್ನೇ (ಓದಬೇಕಾದ ತುಣುಕಿನ ಎರಡು ತುದಿಗೆ ಅಂಟುವ ಸಣ್ಣ ಡಿಎನ್‌ಎ ಎಳೆಗಳು) ನಮ್ಮ ನಾಲೆಯ ಮೀನಿಗೂ ಬಳಸುತ್ತೇವೆ. ಓದುವ ವಿಧಾನ ಬ್ರಿಟನ್ನಿನ ವಿಜ್ಞಾನಿ ಫ್ರೆಡರಿಕ್ ಸ್ಯಾಂಗರ್ ಅವರದು, 1977ರದು. ಒಂದೇ ಜೀನನ್ನು ಒಂದೊಂದೇ ಮೀನಿನಿಂದ ಓದುವವರಿಗೆ ಇಂದಿಗೂ ಅದೇ ನಂಬಿಕಸ್ಥ ವಿಧಾನ.

ಫಲಿತಾಂಶ ಮಿಂಚಂಚೆಯಲ್ಲಿ ಬರುತ್ತದೆ. ಇಲ್ಲಿ ಈ ಪ್ರಯೋಗಾಲಯವನ್ನು ಮನಸಾರೆ ಹೊಗಳಬೇಕು: ಕೇಳದೆಯೇ ಎರಡೂ ದಿಕ್ಕಿನ, ಅಂದರೆ ತುಣುಕಿನ ಎರಡೂ ತುದಿಯಿಂದ ಓದಿದ, ಮೂಲ ಎಬಿ1 ಕಡತಗಳನ್ನು (ಯಂತ್ರವೇ ದಾಖಲಿಸಿದ ಕಡತ) ಕಳಿಸುತ್ತಾರೆ. ಬರೀ ಅಕ್ಷರಗಳ ಪಠ್ಯ ಕಡತ ಕಳಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ ಎಂದು ಕೇಳಿದ್ದೇನೆ; ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಎಬಿ1 ಕಡತವನ್ನು ಉಚಿತ ತಂತ್ರಾಂಶದಲ್ಲಿ ತೆರೆದರೆ ಕ್ರೊಮ್ಯಾಟೊಗ್ರಾಮ್, ಅಂದರೆ ಪ್ರತಿ ಅಕ್ಷರಕ್ಕೂ ಒಂದು ಬಣ್ಣದ ಶಿಖರವಿರುವ ನಕ್ಷೆ, ಕಾಣಿಸುತ್ತದೆ. ಎ ಹಸಿರು, ಸಿ ನೀಲಿ, ಜಿ ಕಪ್ಪು, ಟಿ ಕೆಂಪು. ಮೊದಲ ಮೂವತ್ತು ನಲವತ್ತು ಅಕ್ಷರಗಳಲ್ಲಿ ಬಣ್ಣಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ. ಅಲ್ಲಿಂದ ಮುಂದೆ ಪ್ರತಿ ಶಿಖರವೂ ಬೇರೆಬೇರೆಯಾಗಿ, ಸಮನಾದ ಅಂತರದಲ್ಲಿ, ಕಡಿದಾಗಿ ಏಳುತ್ತದೆ. ಕೊನೆಗೆ ಬರುತ್ತಾ ಮತ್ತೆ ಅಗಲವಾಗಿ, ಮಂದವಾಗಿ ಹರಡುತ್ತವೆ. ಒಂದು ತುದಿಯಲ್ಲಿ ಕಲಸಿದ ಭಾಗವನ್ನು ಎದುರು ದಿಕ್ಕಿನ ಓದು ಸ್ಪಷ್ಟವಾಗಿ ತೋರಿಸುತ್ತದೆ, ಅದಕ್ಕೇ ಎರಡು ದಿಕ್ಕಿನ ಓದಿಗೆ ದುಡ್ಡು ಉಳಿಸಬಾರದು.

ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ನೋಡುವುದನ್ನು ಕಲಿತ ಮೇಲೆ ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ. ಒಂದು ಜಾಗದಲ್ಲಿ ಹಸಿರು ಶಿಖರದ ಕೆಳಗೆ ಕಪ್ಪು ಶಿಖರ ಅರ್ಧ ಎತ್ತರಕ್ಕೆ ನಿಂತಿತ್ತು. ಪಠ್ಯ ಕಡತದಲ್ಲಿ ಮಾತ್ರ ಎ ಎಂದಷ್ಟೇ ಇತ್ತು. “ಯಂತ್ರ ಅನುಮಾನಪಟ್ಟಿದೆ, ಕಾಗದ ಅನುಮಾನಪಟ್ಟಿಲ್ಲ ಮೇಡಂ” ಎಂದಳು. ಎದುರು ದಿಕ್ಕಿನ ಓದಿನಲ್ಲಿ ಆ ಜಾಗ ನಿಚ್ಚಳವಾಗಿತ್ತು, ಎ ಸರಿಯಾಗಿಯೇ ಇತ್ತು. ಆದರೆ ಪರೀಕ್ಷಿಸಿ ಸರಿಯೆಂದು ತಿಳಿಯುವುದಕ್ಕೂ ಸುಮ್ಮನೆ ನಂಬುವುದಕ್ಕೂ ಇರುವ ದೂರವನ್ನು ಬಿ.ಎಸ್ಸಿ. ಹುಡುಗಿಯೊಬ್ಬಳು ಅಂದು ತಾನಾಗಿ ಕಂಡುಕೊಂಡಳು. ಈ ಸೇವೆಯ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನನಗೆ ಇದೇ.

ಈಗ ಒಂದೂವರೆ ನಕ್ಷತ್ರದ ಕಥೆ. ನಾಲೆಯ ಗುಂಡಿಯಿಂದ ಬಂದ ಒಂದು ಗೆಂಡೆ ಮೀನಿಗೆ ‘ಪ್ರಭೇದ ಗುರುತಿನ ವರದಿ’ಯನ್ನೂ ಕೇಳಿದ್ದೆವು. ಹೊಳೆಯುವ ಕಾಗದದಲ್ಲಿ, ಮುದ್ರೆ ಸಹಿಯೊಂದಿಗೆ ವರದಿ ಬಂತು: ಪುಂಟಿಯಸ್ ಸೊಫೊರೆ, ಹೊಂದಾಣಿಕೆ 99 ಶೇಕಡಾಕ್ಕಿಂತ ಹೆಚ್ಚು. ಜಾಡಿಯಿಂದ ಮೀನನ್ನು ತೆಗೆದು ಲೆನ್ಸಿನ ಕೆಳಗೆ ಇಟ್ಟೆವು. ಮೇಲ್ದವಡೆಯ ಎರಡೂ ಪಕ್ಕದಲ್ಲಿ ಒಂದೊಂದು ಗಿಡ್ಡ ಮೀಸೆ, ಚಿಮಟದ ತುದಿಯಿಂದ ಎತ್ತಿ ನೋಡಿದರೆ ಸಂಶಯಕ್ಕೆ ಎಡೆಯೇ ಇಲ್ಲ. ಸೊಫೊರೆಗೆ ಮೀಸೆಯೇ ಇರುವುದಿಲ್ಲ. ಮೀನು ಹಿಡಿದು ಬಾಯಿ ನೋಡಿದ ಯಾರಿಗಾದರೂ ತಿಳಿಯುವ ಸಂಗತಿ ಇದು. ವರದಿ ಬರೆದವರು ಮೀನು ನೋಡಿಲ್ಲ, ನೋಡಲು ಅವರ ಬಳಿ ಮೀನು ಇರಲೂ ಇಲ್ಲ.

ಫೋನ್ ಮಾಡಿ ಕೇಳಿದೆ. ಓದಿದ ಅಕ್ಷರಗಳನ್ನು, ಜಗತ್ತಿನ ಸಂಶೋಧಕರು ತಾವು ಓದಿಸಿದ ಡಿಎನ್‌ಎಯನ್ನು ಸೇರಿಸುವ ಸಾರ್ವಜನಿಕ ಭಂಡಾರದಲ್ಲಿ ಹುಡುಕಿ, ಮೇಲಿನ ಸಾಲಿನಲ್ಲಿ ಬಂದ ಹೆಸರನ್ನು ವರದಿಗೆ ಹಾಕುವುದು ತಮ್ಮ ಕ್ರಮ ಎಂದರು. ನಾವೇ ಹುಡುಕಿದೆವು. ಮೇಲಿನ ಹತ್ತಾರು ಸಾಲುಗಳಲ್ಲಿ ಒಂದೇ ಹೊಂದಾಣಿಕೆಗೆ ಎರಡು ಬೇರೆ ಪ್ರಭೇದಗಳ ಹೆಸರು ಬೆರೆತು ನಿಂತಿದ್ದವು, ಅದರಲ್ಲಿ ಎರಡನೆಯದು ಮೀಸೆಯುಳ್ಳ ಪುಂಟಿಯಸ್ ಕೋಲಾ. ಯಾರೋ ಎಲ್ಲೋ ಮೀನನ್ನು ತಪ್ಪಾಗಿ ಗುರುತಿಸಿ ಅಕ್ಷರಗಳನ್ನು ಸೇರಿಸಿದ್ದಾರೆ. ಪಹಣಿಯಲ್ಲಿ ಒಮ್ಮೆ ಹೆಸರು ತಪ್ಪಾಗಿ ಕೂತರೆ ಮುಂದಿನ ಪ್ರತಿ ನಕಲಿನಲ್ಲೂ ಅದೇ ಬರುವ ಹಾಗೆ, ಆ ಸಾಲನ್ನು ನಂಬಿ ಇನ್ನೊಬ್ಬರು ತಮ್ಮ ಮೀನಿಗೂ ಅದೇ ಹೆಸರಿಟ್ಟು ಮತ್ತೊಂದು ಸಾಲು ಸೇರಿಸುತ್ತಾರೆ. ನಮ್ಮ ವರದಿ ನಂಬಿದ್ದರೆ ಮಂಡ್ಯ ಜಿಲ್ಲೆಯಿಂದಲೂ ಒಂದು ಸಾಲು ಸೇರುತ್ತಿತ್ತು.

ಇದನ್ನು ಬರೆಯುವಾಗ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳು ಆ ಮುದ್ರೆಯ ಕಾಗದವನ್ನೇ ಪ್ರಬಂಧದ ಕೊನೆಗೆ ಹೊಲಿಯುತ್ತಾರೆ. ಪ್ರಯೋಗಾಲಯದ ಯಂತ್ರ ಅಕ್ಷರಗಳನ್ನು ಓದಬಲ್ಲದು. ಹೆಸರು ಮೀನಿನಿಂದ ಬರಬೇಕು: ಪಕ್ಕರೇಖೆಯ ಹುರುಪೆಗಳನ್ನು ಎಣಿಸಿ, ರೆಕ್ಕೆಯ ಕಡ್ಡಿಗಳನ್ನು ಎಣಿಸಿ, ಮೀಸೆ ನೋಡಿ, ಚುಕ್ಕೆ ನೋಡಿ, ಹಳೆಯ ವಿವರಣೆಗಳೊಂದಿಗೆ ತಾಳೆ ಹಾಕಿ. ಆ ಕೆಲಸ ಬಲ್ಲವರಿಗೆ ಒಂದು ಕರೆ ಮಾಡಿ ಮೀನಿನ ಫೋಟೋ ಕಳಿಸುವುದಕ್ಕೆ ಹಣ ಬೇಕಿಲ್ಲ. ನಮ್ಮ ಗೆಂಡೆಯ ಫೋಟೋ ನೋಡಿದ ಮೀನುತಜ್ಞರೊಬ್ಬರು ಅದೇ ದಿನ ಉತ್ತರಿಸಿದರು, ಇನ್ನೂ ಯಾವ ಯಾವ ಅಳತೆ ಬೇಕು ಎಂದು ಪಟ್ಟಿಯನ್ನೇ ಕಳಿಸಿದರು. ಈ ಕ್ಷೇತ್ರದಲ್ಲಿ ಇರುವವರ ಔದಾರ್ಯ ದೊಡ್ಡದು, ಕೇಳುವವರು ಕಡಿಮೆ.

ಭಂಡಾರಗಳಲ್ಲೂ ತರತಮವಿದೆ. ಗ್ವೆಲ್ಫ್‌ನಿಂದ ನಡೆಯುವ ಬೋಲ್ಡ್ ಭಂಡಾರ ಬಾರ್‌ಕೋಡ್‌ಗೆಂದೇ ಕಟ್ಟಿದ್ದು. ಅಲ್ಲಿ ಮಾದರಿಯ ಫೋಟೋ, ಹಿಡಿದ ಸ್ಥಳ, ಜಾಡಿ ಎಲ್ಲಿದೆ ಎಂಬ ವಿವರ, ಮೂಲ ಕ್ರೊಮ್ಯಾಟೊಗ್ರಾಮ್ ಎಲ್ಲಕ್ಕೂ ಒಂದೊಂದು ಜಾಗವಿದೆ. ಬಾರ್‌ಕೋಡ್ ಎಂಬ ಪಟ್ಟ ಸಿಗಬೇಕಾದರೆ ಕನಿಷ್ಠ 500 ಅಕ್ಷರ ಬೇಕು, ಅನುಮಾನದ ಅಕ್ಷರ ಶೇಕಡಾ ಒಂದಕ್ಕಿಂತ ಕಡಿಮೆ ಇರಬೇಕು. ಖಾತೆ ತೆರೆಯಲು ದುಡ್ಡಿಲ್ಲ. ವಿವರ ತುಂಬುವುದು ತ್ರಾಸದ ಕೆಲಸ, ನಮ್ಮ ಇಂಟರ್‌ನೆಟ್‌ನಲ್ಲಿ ಫೋಟೋ ಏರಿಸುವುದು ಇನ್ನೂ ತ್ರಾಸ. ಆದರೂ ಒಮ್ಮೆ ಸೇರಿಸಿದರೆ ಮುಂದೆ ಅನುಮಾನಪಡುವವನು ನಮ್ಮ ಮೀನಿನ ಮೀಸೆಯನ್ನು ತನ್ನ ಪರದೆಯಲ್ಲೇ ನೋಡಬಹುದು.

ವರದಿ ಎಲ್ಲ ಕಡೆಯೂ ಸೋಲುತ್ತದೆ ಎಂದು ಹೇಳುವುದು ಅನ್ಯಾಯವಾಗುತ್ತದೆ. ಕ್ಯಾಟ್‌ಫಿಶ್ ಮರಿಗಳ ವಿಷಯದಲ್ಲಿ ಡಿಎನ್‌ಎ ನಮ್ಮ ಕೈ ಹಿಡಿಯಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ದೊಡ್ಡ ಮೀನಾದರೆ ತಲೆಯ ಹಿಂಭಾಗದ ಮೂಳೆಯ ಆಕಾರದಿಂದ ನಾಟಿ ಮಾಗುರ್‌ನಿಂದ ಬೇರ್ಪಡಿಸಬಹುದು, ಬೆರಳುದ್ದದ ಮರಿಯಲ್ಲಿ ಅದು ಕಷ್ಟ. ಸಿಒಐನಲ್ಲಿ ಎರಡರ ನಡುವಿನ ಅಂತರ ಸ್ಪಷ್ಟ. ಕೆರೆಯಿಂದ ಬಂದ ಮರಿಗಳು ಆಫ್ರಿಕನ್ ಎಂದು ತಿಳಿಯಿತು, ಓದು ಎರಡೂ ದಿಕ್ಕಿನಲ್ಲಿ ನಿಚ್ಚಳ.

ಜಿಲೇಬಿ ಮೀನಿನಲ್ಲಿ ಎಚ್ಚರ ಬೇಕು. ಮೊಜಾಂಬಿಕ್ ತಿಲಾಪಿಯ 1952ರಲ್ಲಿ ನಮ್ಮ ದೇಶಕ್ಕೆ ಬಂತು, ನೈಲ್ ತಿಲಾಪಿಯ ಆಮೇಲೆ; ಇವೆರಡೂ ಸುಲಭವಾಗಿ ಬೆರಕೆಯಾಗುತ್ತವೆ. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ಸಿಒಐ ಓದು ತಾಯಿಯ ಕಡೆಯನ್ನಷ್ಟೇ ಹೇಳುತ್ತದೆ. ಬಾಲದ ಮೇಲೆ ನೈಲ್‌ನ ಪಟ್ಟೆಗಳಿದ್ದ ಮೀನಿಗೆ ವರದಿಯಲ್ಲಿ ಮೊಜಾಂಬಿಕ್ ಎಂದು ಬಂದರೆ ಅದು ಬೆರಕೆಯಾಗಿರಬಹುದು, ಇದನ್ನು ತಿಳಿಯಲು ಕೋಶಕೇಂದ್ರದ ಡಿಎನ್‌ಎಯನ್ನೂ ಓದಿಸಬೇಕು. ಇಂಥ ಒಂದು ಸಾಲಿನ ಎಚ್ಚರಿಕೆಯನ್ನು ವರದಿಯ ಕೆಳಗೆ ಮುದ್ರಿಸುವುದು ಪ್ರಯೋಗಾಲಯಕ್ಕೆ ಕಷ್ಟವಲ್ಲ. ಬರೆದು ಕೇಳಿಕೊಂಡಿದ್ದೇನೆ, ಇನ್ನೂ ಮುದ್ರಿಸಿಲ್ಲ.

ಡಿಎನ್‌ಎ ಮತ್ತು ಮೀನು ಎರಡನ್ನೂ ಎದುರಿಗಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾವೇರಿಯಲ್ಲೇ ಉದಾಹರಣೆ ಇದೆ. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್, ನಮ್ಮವರು ಬಿಳಿಮೀನು ಎನ್ನುವ ಗುಂಪಿನ ರಾಜ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರು 1946ರಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಜಗತ್ತಿನ ಗಾಳಗಾರರಿಗೆಲ್ಲ ಗೊತ್ತಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಮಾತ್ರ ಇರಲಿಲ್ಲ. 2018ರಲ್ಲಿ ಸಂಶೋಧಕರು ಮೋಯಾರ್ ನದಿಯ ಮೀನುಗಳ ಡಿಎನ್‌ಎ, ದೇಹದ ಅಳತೆಗಳು, ಹಳೆಯ ಫೋಟೋಗಳು ಎಲ್ಲವನ್ನೂ ಒಟ್ಟಿಗೆ ಇಟ್ಟು, ಇದು 2007ರಲ್ಲಿ ಕೇರಳದ ಪಾಂಬಾರ್‌ನಿಂದ ವಿವರಿಸಿದ್ದ ಟಾರ್ ರೆಮಾದೇವಿಯೇ ಎಂದು ತೋರಿಸಿದರು. ಹೆಸರು ಸಿಕ್ಕ ಮೇಲೆಯೇ ಅದು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಗೆ ಸೇರಲು ಸಾಧ್ಯವಾಯಿತು. ಅಷ್ಟರಲ್ಲಿ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ನದಿಯಲ್ಲಿ ತುಂಬಿಕೊಂಡಿತ್ತು. ಹೆಸರು ತಡವಾದರೆ ಮೀನಿಗೇ ನಷ್ಟ, ತಪ್ಪಾದರೂ ಅಷ್ಟೇ.

ಹಣದ ಮಾತು. ಪಿಸಿಆರ್ ಎಂದರೆ ಡಿಎನ್‌ಎಯ ಒಂದು ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡುವ ವಿಧಾನ; ಅದರ ಶುದ್ಧಗೊಳಿಸಿದ ಉತ್ಪನ್ನ ಕೊಟ್ಟರೆ ಎರಡು ದಿಕ್ಕಿನ ಓದಿಗೆ ನಮಗೆ ಒಂದು ಮಾದರಿಗೆ ಸಾವಿರ ರೂಪಾಯಿಯೊಳಗೆ ಬಿತ್ತು. ರೆಕ್ಕೆಯ ಚೂರನ್ನೇ ಕೊಟ್ಟು ಎಲ್ಲ ಅವರೇ ಮಾಡಿದರೆ ಎರಡು ಸಾವಿರ ದಾಟುತ್ತದೆ, ಮೇಲೆ ಜಿಎಸ್‌ಟಿ. ‘ಗುರುತಿನ ವರದಿ’ಗೆ ಬೇರೆ ದರ. ಮೈಸೂರಿನಲ್ಲಿ ಪಿಸಿಆರ್ ಯಂತ್ರ ಇರುವ ಸ್ನೇಹಿತರ ಸಹಾಯ ಸಿಕ್ಕರೆ ಮೊದಲ ದಾರಿಯೇ ಸರಿ. ಹಣ ಉಳಿಯುತ್ತದೆ, ಮಕ್ಕಳು ಕೈಯಾರೆ, ಡಿಎನ್‌ಎ ಸಿಕ್ಕಿದೆಯೇ ಎಂದು ತೋರಿಸುವ ಜೆಲ್ ಓಡಿಸಿ ಡಿಎನ್‌ಎಯ ಪಟ್ಟಿ ಮೂಡುವುದನ್ನು ನೋಡುತ್ತಾರೆ. ಜೊತೆಗೆ ಮೀನಿನ ಚೂರು ಹಾಕದ ಖಾಲಿ ಕೊಳವೆಯೊಂದನ್ನೂ ಓಡಿಸಬೇಕು. ಅದರಲ್ಲೂ ಪಟ್ಟಿ ಮೂಡಿದರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ. ವಿಫಲವಾದ ಮಾದರಿಯನ್ನು ಪ್ರಯೋಗಾಲಯ ಒಂದು ಸಲ ಉಚಿತವಾಗಿ ಮತ್ತೆ ಓದುತ್ತದೆ. ಎರಡನೆಯ ಸಲ ಹಣ ಕೇಳುತ್ತಾರೆ, ಮೊದಲೇ ಹೇಳುವುದಿಲ್ಲ. ನಮಗೆ ಬಿಲ್ ಬಂದಾಗಲೇ ಗೊತ್ತಾಗಿದ್ದು. ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ದರಪಟ್ಟಿಯಲ್ಲಿಲ್ಲದ ಮೊತ್ತವನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದು ಕಲಿಸುವವರಿಗೆಲ್ಲ ಗೊತ್ತು. ಅರ್ಧ ನಕ್ಷತ್ರ ಕಳೆದಿದ್ದು ಇದಕ್ಕೇ.

ಇನ್ನೊಂದನ್ನು ಬರಹದಲ್ಲಿ ಕೇಳಿ ಪಡೆಯಿರಿ: ಯಂತ್ರ ಎಲ್ಲಿದೆ, ಮಾದರಿ ದೇಶದ ಹೊರಗೆ ಹೋಗುತ್ತದೆಯೇ, ಉಳಿದ ಡಿಎನ್‌ಎ ಏನಾಗುತ್ತದೆ. ಜೀವವೈವಿಧ್ಯ ಕಾಯ್ದೆ 2002ರಿಂದ ಇದೆ, ಜೈವಿಕ ಮಾದರಿಯನ್ನು ವಿದೇಶಕ್ಕೆ ಕಳಿಸುವುದಕ್ಕೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳಿವೆ. ನಮ್ಮ ಪ್ರಯೋಗಾಲಯ ಬೆಂಗಳೂರಿನಲ್ಲೇ ಓದುವುದಾಗಿ ಪತ್ರ ಕೊಟ್ಟಿತು, ಉಳಿದ ಡಿಎನ್‌ಎಯನ್ನು ಕೇಳಿದಾಗ ಅದೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ವಾಪಸು ತಂದುಕೊಟ್ಟರು. ಇದು ಎಲ್ಲರೂ ಮಾಡುವ ಕೆಲಸವಲ್ಲ.

ಭೂಮಿಯ ಮೇಲೆ ಹೆಸರಿಟ್ಟಿರುವ ಪ್ರಾಣಿ, ಸಸ್ಯ, ಶಿಲೀಂಧ್ರಗಳೆಲ್ಲದರ ಪೂರ್ಣ ಜೀನೋಮನ್ನು ಓದುವ ಗುರಿಯಿಟ್ಟು 2018ರಲ್ಲಿ ಅರ್ತ್ ಬಯೋಜೀನೋಮ್ ಯೋಜನೆ ಶುರುವಾಗಿದೆ. 15 ಲಕ್ಷಕ್ಕೂ ಹೆಚ್ಚು ಪ್ರಭೇದಗಳ ಮಾತು ಅದು. ನಾವು ಓದಿಸುತ್ತಿರುವುದು ಒಂದೊಂದು ಮೀನಿನಲ್ಲಿ 650 ಅಕ್ಷರ. ಆದರೆ ಆ ದೊಡ್ಡ ಯೋಜನೆಗೂ ಮೊದಲು ಬೇಕಾದದ್ದು ಸರಿಯಾಗಿ ಗುರುತಿಸಿದ, ಜಾಡಿಯಲ್ಲಿ ಉಳಿದ, ಎಲ್ಲಿ ಯಾವಾಗ ಹಿಡಿದದ್ದೆಂದು ಬರೆದಿಟ್ಟ ಒಂದು ಜೀವಿ. ಅದನ್ನು ಒದಗಿಸಲು ಜೀನೋಮ್ ಕೇಂದ್ರ ಬೇಕಿಲ್ಲ. ನಾಲೆಯ ಪಕ್ಕದ ಕಾಲೇಜು ಸಾಕು, ಎಥನಾಲ್ ಕೊಳ್ಳಲು ಅನುದಾನ ಬೇಕು, ಮಧ್ಯಾಹ್ನದ ತರಗತಿಗಳಿಂದ ಬಿಡುವು ಬೇಕು.

ಮುಂದಿನ ಸಲವೂ ಇದೇ ಪ್ರಯೋಗಾಲಯಕ್ಕೆ ಕೊಡುತ್ತೇನೆ. ಎರಡು ದಿಕ್ಕಿನ ಓದು ಮತ್ತು ಎಬಿ1 ಕಡತ, ಅಷ್ಟೇ. ಅರ್ಜಿಯಲ್ಲಿ ‘ಗುರುತಿನ ವರದಿ’ಯ ಚೌಕವನ್ನು ಖಾಲಿ ಬಿಡುತ್ತೇನೆ. ನಿಮ್ಮ ಕಾಲೇಜಿನಿಂದ ಮಾದರಿ ಕಳಿಸುವವರಿದ್ದರೆ ಪ್ರತಿನಿಧಿ ಬರುವ ದಿನವನ್ನು ಮಾನಸಗಂಗೋತ್ರಿಯಲ್ಲಿ ವಿಚಾರಿಸಿಕೊಳ್ಳಿ, ಮಧ್ಯಾಹ್ನ ಊಟದ ಹೊತ್ತಿಗೆ ಮೊದಲೇ ಹೋಗಿ. ಆಮೇಲೆ ಅವನು ಬೆಂಗಳೂರಿನ ಬಸ್ಸು ಹತ್ತಿಬಿಡುತ್ತಾನೆ.